ನಾಲ್ಕನೆಯ ನಂಬರಿನ ಬೆಲ್ಟು

ಹತ್ತೊಂಬತ್ತು ವರ್ಷ ತಾನು ಹೇಳಿದಂತೆ ನಡೆದಿದ್ದ ಯಾರ್ಡಿನಿಂದ ಕೋದಂಡರಾಮಪ್ಪನನ್ನು ಹೊರಗೆ ಹಾಕಿಸಿದ್ದು ಒಂದು ಹಳದಿ ಪ್ಲಾಸ್ಟಿಕ್ ಟೋಪಿ. ಕದ್ದು ಸಿಕ್ಕಿಬಿದ್ದಿದ್ದರೆ, ಕುಡಿದು ಬಂದಿದ್ದರೆ ಅವನಿಗೂ ಒಂದು ಸಮಾಧಾನವಿರುತ್ತಿತ್ತು. ಟೋಪಿಯ ವಿಷಯವನ್ನು ಯಾರಿಗಾದರೂ ಹೇಳಿಕೊಳ್ಳಲು ನಾಚಿಕೆ, ಹೇಳಿಕೊಳ್ಳದಿದ್ದರೆ ಹೊಟ್ಟೆಯುರಿ.

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿದ್ದ ಆ ಗ್ರಾನೈಟ್ ಕಾರ್ಖಾನೆಗೆ ಜನವರಿಯಲ್ಲಿ ಚೆನ್ನೈನಿಂದ ದೊಡ್ಡ ಗಿರಾಕಿಯೊಬ್ಬರು ಬಂದಿದ್ದರು. ಯಾರ್ಡಿನ ಮೇಸ್ತ್ರಿ ಎಂಬ ಗತ್ತಿನಲ್ಲಿ ಕೋದಂಡರಾಮಪ್ಪ ಅವರನ್ನು ಕ್ರೇನಿನಲ್ಲಿ ತೂಗುತ್ತಿದ್ದ ಕರಿಕಲ್ಲಿನ ಪಕ್ಕಕ್ಕೇ ಕರೆತಂದು, ಎಮ್ಮೆಯ ಬೆನ್ನು ತಟ್ಟುವಂತೆ ಕಲ್ಲನ್ನು ತಟ್ಟುತ್ತ ಅದರ ಗುಣಗಾನ ಮಾಡುತ್ತಿದ್ದ. ಆಗ ಅಬ್ದುಲ್ ಗಫೂರ್ ಮುಷ್ಟಿ ಕಟ್ಟಿ ಕೈ ಮೇಲೆತ್ತಿದ. ಗಫೂರ್ ಎಂದರೆ ಕಲ್ಲಿಗೆ ಬೆಲ್ಟು ಬಿಗಿದು ಕ್ರೇನಿನ ಕೊಕ್ಕೆಗೆ ಸಿಕ್ಕಿಸುವವನು. ಮುಳಬಾಗಿಲಿನ ಮನುಷ್ಯ, ವಯಸ್ಸು ಅರವತ್ತಕ್ಕೆ ಎರಡು ಕಡಿಮೆ. ಅವನ ಮುಷ್ಟಿ ಕಂಡದ್ದೇ ತಡ, ಕ್ರೇನು ನಡೆಸುವ ಗೋಪಿ ಗಕ್ಕನೆ ನಿಲ್ಲಿಸಿಬಿಟ್ಟ.

“ಕೋದಂಡಣ್ಣ, ಕಲ್ಲು ಇನ್ನೂ ತೂಗ್ತಿದೆ. ನೀವು ಹೆಲ್ಮೆಟ್ ಹಾಕಿಲ್ಲ. ಗೆರೆ ಆಚೆ ಹೋಗ್ಬಿಡಿ, ಸಾರ್‌ನೂ ಕರ್ಕೊಂಡೋಗಿ,” ಎಂದ ಗಫೂರ್.

“ನಂಗೇ ಹೇಳ್ತೀಯೇನೋ?”

“ಯಾರ್ಗಾದ್ರೂ ಇದೇ ಹೇಳ್ತೀನಿ ಅಣ್ಣ.”

ಗಿರಾಕಿ ತಾವಾಗಿಯೇ ಹಿಂದೆ ಸರಿದು ಹಳದಿ ಗೆರೆ ದಾಟಿದರು. ಅಲ್ಲಿಂದಲೇ ತಲೆದೂಗಿದರು. ಗೋಪಿ ಮೇಲಿನ ಗೂಡಿನಲ್ಲಿ ಕೂತು ಹಲ್ಲುಕಿರಿದ. ಮುಂದಿನ ಸೋಮವಾರ ಯಜಮಾನರು ಕರೆಸಿ, ಇನ್ನು ಮೇಲೆ ಯಾರ್ಡು ಗಫೂರನ ಕೈಯಲ್ಲಿರಲಿ, ನೀವು ಪಾಲಿಶ್ ಶೆಡ್ಡು ನೋಡಿಕೊಳ್ಳಿ ಎಂದರು. ಗಿರಾಕಿಗೆ ಆ ಶಿಸ್ತು ಬಹಳ ಮೆಚ್ಚುಗೆಯಾಯಿತಂತೆ. ಪಾಲಿಶ್ ಶೆಡ್ಡೆಂದರೆ ದಿನವಿಡೀ ನೀರು, ಕೆಸರು, ಕಿವಿ ತೂತು ಬೀಳುವಂಥ ಸದ್ದು. ಕೋದಂಡರಾಮಪ್ಪ ತಲೆಯಾಡಿಸಿ ಬಂದ. ಗಫೂರ್ ಬದುಕಿರುವಷ್ಟು ದಿನ ಈ ಶೆಡ್ಡೇ ತನಗೆ ಗತಿ ಎಂದು ಅವನಿಗೆ ಅವತ್ತೇ ಗೊತ್ತಾಯಿತು. ಹಾಗಾದರೆ ಗಫೂರ್ ಎಷ್ಟು ದಿನ ಬದುಕಿರಬೇಕು ಎಂಬುದಷ್ಟೇ ಉಳಿದ ಪ್ರಶ್ನೆ.

ಕೊಲೆ ಎಂಬ ಮಾತನ್ನು ಅವನು ಮನಸ್ಸಿನಲ್ಲೂ ಆಡಲಿಲ್ಲ. ಕೊಲೆ ಮಾಡುವವರು ಮಚ್ಚು ಹಿಡಿದುಕೊಂಡು ಓಡಾಡುವ ಪೋಲಿಗಳು, ಆಮೇಲೆ ಕೋಲಾರದ ಕೋರ್ಟಿನ ಮುಂದೆ ಮುಖಕ್ಕೆ ಟವೆಲು ಮುಚ್ಚಿಕೊಂಡು ಇಳಿಯುವ ದಡ್ಡರು. ಅವನಿಗೆ ಬೇಕಾಗಿದ್ದದ್ದು ಆಕ್ಸಿಡೆಂಟು. ಕಲ್ಲಿನ ಕಾರ್ಖಾನೆಯಲ್ಲಿ ಆಕ್ಸಿಡೆಂಟಿಗೆ ಯಾರೂ ಆಶ್ಚರ್ಯಪಡುವುದಿಲ್ಲ. ಅದೂ ಊರಿಗೆಲ್ಲ ಸುರಕ್ಷತೆಯ ಪಾಠ ಹೇಳುವ ಮುದುಕ ತಾನೇ ಕಟ್ಟಿದ ಬೆಲ್ಟಿನಿಂದ ಸತ್ತರೆ, ಜನ ಒಂದು ದಿನ ಅಳುತ್ತಾರೆ, ಎರಡನೆಯ ದಿನ ಒಳಗೊಳಗೇ ನಗುತ್ತಾರೆ. ಆ ಎರಡನೆಯ ದಿನಕ್ಕಾಗಿ ಕೋದಂಡರಾಮಪ್ಪ ಎಷ್ಟು ಹೊತ್ತು ಬೇಕಾದರೂ ಕಾಯಬಲ್ಲವನಾಗಿದ್ದ.

ಅವನು ಎರಡು ತಿಂಗಳು ಗಫೂರನನ್ನು ನೋಡುತ್ತ ಕೂತ. ಪಾಲಿಶ್ ಶೆಡ್ಡಿನ ಕಿಟಕಿಯಿಂದ ಯಾರ್ಡು ಪೂರ್ತಿ ಕಾಣುತ್ತಿತ್ತು. ಕಂಡದ್ದೆಲ್ಲ ಅವನಿಗೆ ಹೇಸಿಗೆ ಹುಟ್ಟಿಸುವಂಥದ್ದೇ. ಗಫೂರ್ ಪ್ರತಿ ಕಲ್ಲಿಗೂ ‘ಬಿಸ್ಮಿಲ್ಲಾ’ ಎಂದು ಗೊಣಗಿ ಬೆಲ್ಟು ಬಿಗಿಯುವನು. ಒಂದು ಗೇಣು ಎತ್ತಿಸಿ ನಿಲ್ಲಿಸುವನು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತಾಳೆಗರಿ ಓದುವ ಜೋಯಿಸನ ಹಾಗೆ ಬೆಲ್ಟನ್ನು ಬೆರಳಿನಿಂದ ಸವರಿ, ಆಮೇಲೆ ಮುಂದಕ್ಕೆ ಅನ್ನುವನು. ಹೊಸದಾಗಿ ಸೇರಿದವರನ್ನೆಲ್ಲ ಯಾರ್ಡಿನ ಬಾಗಿಲಲ್ಲಿ ನಿಲ್ಲಿಸಿ ಒಂದೇ ಪಾಠ: “ಮೊದ್ಲು ತಲೆ ಎತ್ತಿ ನೋಡು, ಮೇಲೆ ಏನಿದೆ ಅಂತ. ಆಮೇಲೆ ಕಾಲಿಡು.” ಕೋದಂಡರಾಮಪ್ಪ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ತಲೆ ಎತ್ತಿ ನೋಡಿದವನಲ್ಲ. ಮೇಲೆ ನೋಡಿಕೊಂಡು ನಡೆಯುವವರು ಕಾಗೆಗೆ ಹೆದರುವವರು ಎಂದು ಅವನ ಅಭಿಪ್ರಾಯ.

ಇನ್ನೊಬ್ಬಳು ರಂಜಿತ. ಕ್ಯಾಲನೂರಿನ ಡೈರಿ ಮನೆಯ ಹುಡುಗಿ, ಎಂಥದೋ ಸೇಫ್ಟಿ ಡಿಪ್ಲೊಮಾ ಮಾಡಿಕೊಂಡು ಬಂದು ದಿನಾ ಬೆಳಿಗ್ಗೆ ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ ಭಾಷಣ ಬಿಗಿಯುತ್ತಿದ್ದಳು. ಹಸು ಕಟ್ಟುವ ಹಗ್ಗ ಬಿಟ್ಟು ಬೇರೆ ಹಗ್ಗ ಮುಟ್ಟಿ ಗೊತ್ತಿಲ್ಲದವಳು ಕ್ರೇನಿನ ಬೆಲ್ಟಿನ ಬಗ್ಗೆ ಹೇಳುವುದನ್ನು ಕೋದಂಡರಾಮಪ್ಪ ಹಿಂದಿನ ಸಾಲಿನಲ್ಲಿ ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೇಳುತ್ತಿದ್ದ. ಅವಳು ಹೇಳಿದ್ದರಲ್ಲಿ ಒಂದೇ ಒಂದು ಮಾತು ಅವನಿಗೆ ಉಪಯೋಗಕ್ಕೆ ಬಂತು. ಮೂರು ಟನ್ ಎಂದು ಬರೆದಿರುವ ಹೊಸ ಬೆಲ್ಟು ಕಿತ್ತುಹೋಗಬೇಕಾದರೆ ಅದರ ಏಳರಷ್ಟು, ಎಂದರೆ ಇಪ್ಪತ್ತೊಂದು ಟನ್ ಭಾರ ಬೇಕಂತೆ. ಈ ಲೆಕ್ಕ ಗೊತ್ತಿಲ್ಲದ ಪೆದ್ದ ಬೆಲ್ಟನ್ನು ಅರ್ಧಕ್ಕೆ ಕೊಯ್ದು, ಅದು ಹರಿಯಲಿಲ್ಲವಲ್ಲ ಎಂದು ಬಾಯಿ ಬಿಡುತ್ತಿದ್ದ. ಕೋದಂಡರಾಮಪ್ಪ ಮನಸ್ಸಿನಲ್ಲೇ ಅವಳಿಗೊಂದು ಥ್ಯಾಂಕ್ಸ್ ಹೇಳಿದ.

ಗಫೂರನ ಬೆಲ್ಟುಗಳಲ್ಲಿ ಒಂದು ಜೋಡಿಯಿತ್ತು, ಮೂರನೆಯ ನಂಬರು ಮತ್ತು ನಾಲ್ಕನೆಯ ನಂಬರು, ಎರಡೂ ಮೂರು ಟನ್ನಿನವು. ಬೆಲೆಬಾಳುವ ಕಲ್ಲು ಯಾವುದಿದ್ದರೂ ಅವೇ ಬೇಕು. ಕಲ್ಲಿನ ಅಂಚು ಬೆಲ್ಟನ್ನು ಕಡಿಯದಿರಲಿ ಎಂದು ಅವೆರಡಕ್ಕೂ ಅವನು ತನ್ನ ಕೈಯಾರೆ ದಪ್ಪ ಚರ್ಮದ ಒರೆ ಹೊಲಿದು ತೊಡಿಸಿದ್ದ. ಅವನಪ್ಪ ಒಂದು ಕಾಲದಲ್ಲಿ ಮುಳಬಾಗಿಲಿನಲ್ಲಿ ಜಟಕಾ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದನಂತೆ. ಕುದುರೆ ಹೋದವು, ಜಟಕಾ ಹೋದವು, ಈ ಮುದುಕನ ಕೈಯ ಚಟ ಮಾತ್ರ ಹೋಗಿರಲಿಲ್ಲ. ಒರೆಯನ್ನು ಉದ್ದಕ್ಕೂ ಚರ್ಮದ ದಾರದಿಂದ ಬಿಗಿದು ಕೊನೆಗೊಂದು ಗಂಟು ಹಾಕುತ್ತಿದ್ದ. ಅದನ್ನು ಬಿಚ್ಚುವುದು ವಾರಕ್ಕೊಮ್ಮೆ, ಶುಕ್ರವಾರ ಜುಮ್ಮಾ ನಮಾಜಿಗೆ ಹೋಗುವ ಮುಂಚೆ. ಬಿಚ್ಚಿ, ಕಲ್ಲಿನ ಕೆಸರು ತೊಳೆದು, ಒಳಗಿನ ಬೆಲ್ಟನ್ನು ಎಳೆಎಳೆಯಾಗಿ ನೋಡಿ, ಮತ್ತೆ ಬಿಗಿದು, ಜಾಲರಿಯ ಕೋಣೆಯಲ್ಲಿ ತೂಗುಹಾಕಿ ಬೀಗ ಹಾಕಿಕೊಂಡು ಕೈಕಾಲು ತೊಳೆದು ಮಸೀದಿಗೆ ಹೋಗುತ್ತಿದ್ದ. ಅಲ್ಲಿಂದ ಮುಂದಿನ ಶುಕ್ರವಾರದವರೆಗೆ ಹೊರಗೆ ಕಾಣುವುದನ್ನಷ್ಟೇ ದಿನಾ ನೋಡುವನು. ಒರೆಯ ಒಳಗೆ ಏನಿದೆ ಎಂದು ಆ ಏಳು ದಿನ ದೇವರೂ ನೋಡುತ್ತಿರಲಿಲ್ಲ.

ಜಾಲರಿ ಕೋಣೆಯ ಬೀಗಕ್ಕೆ ಎರಡು ಕೀಲಿಕೈ. ಒಂದು ಗಫೂರನ ಸೊಂಟದಲ್ಲಿ. ಇನ್ನೊಂದು ಹನ್ನೊಂದು ವರ್ಷದ ಹಿಂದೆ ಕಳೆದುಹೋಯಿತೆಂದು ಕೋದಂಡರಾಮಪ್ಪನೇ ಯಜಮಾನರಿಗೆ ಹೇಳಿದ್ದ. ಅದು ಅವನ ಬಾಡಿಗೆ ಕೋಣೆಯ ಟ್ರಂಕಿನಲ್ಲಿ, ಹಳೆಯ ಪಂಚಾಂಗದ ಕೆಳಗೆ ಕ್ಷೇಮವಾಗಿತ್ತು.

ಇನ್ನು ಕಲ್ಲು. ಕುರುಡುಮಲೆ ಕಡೆಯ ಒಂದು ಕಲ್ಯಾಣ ಮಂಟಪಕ್ಕೆ ಒಂದೇ ಕಲ್ಲಿನ ಕಂಬವೊಂದು ತಯಾರಾಗುತ್ತಿತ್ತು. ನಾಲ್ಕೂವರೆ ಟನ್. ಎರಡು ತುದಿಗೆ ಎರಡು ಬೆಲ್ಟು, ಒಂದೊಂದರ ಪಾಲಿಗೆ ಎರಡೂಕಾಲು ಟನ್. ಅದರ ಪಾಲಿಶ್ ನಡೆಯುತ್ತಿದ್ದದ್ದು ಕೋದಂಡರಾಮಪ್ಪನ ಶೆಡ್ಡಿನಲ್ಲಿ. ಹಾಗಾಗಿ ಕಂಬ ಯಾವ ದಿನ ಲಾರಿ ಹತ್ತಬೇಕೆಂದು ನಿರ್ಧರಿಸುವವನೂ ಅವನೇ. ಮಾರ್ಚ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಎಂದು ಅವನು ಬರೆದುಕೊಟ್ಟ. ತನ್ನನ್ನು ಶೆಡ್ಡಿಗೆ ತಳ್ಳಿದವರೇ ತನ್ನ ಕೈಗೆ ದಿನಾಂಕ ಕೊಟ್ಟರಲ್ಲ ಎಂದು ಅವನಿಗೆ ನಗು ಬಂತು.

ಕ್ರೇನಿನ ಬ್ರೇಕು ಹಳೆಯದು. ಇಳಿಸುತ್ತ ನಿಲ್ಲಿಸಿದರೆ ಒಂದು ಜಗ್ಗು ಕೊಟ್ಟೇ ನಿಲ್ಲುತ್ತಿತ್ತು. ಅದನ್ನು ರಿಪೇರಿ ಮಾಡಿಸಿ ಎಂದು ಗಫೂರ್ ಮೂರು ಸಲ ಕೇಳಿದಾಗ ಮೂರು ಸಲವೂ ಮುಂದಕ್ಕೆ ತಳ್ಳಿದವನು ಮೇಸ್ತ್ರಿ ಕೋದಂಡರಾಮಪ್ಪ. ಈಗ ಆ ಜಗ್ಗೂ ಅವನ ಆಳಾಯಿತು. ಕೊನೆಯದು ಗಫೂರನ ಒಂದು ದುರಭ್ಯಾಸ. ಊರಿಗೆಲ್ಲ ಕಲ್ಲಿನ ಕೆಳಗೆ ಕೈ ಹಾಕಬೇಡಿ ಎನ್ನುವವನು, ಕಲ್ಲು ಲಾರಿಯ ಮೇಲೆ ಕೂರುವ ಮುಂಚೆ ಅದರ ಅಡಿಗೆ ಇಡುವ ಮರದ ತುಂಡುಗಳಲ್ಲಿ ಕೊನೆಯದನ್ನು ಮಾತ್ರ ತಾನೇ ಲಾರಿ ಹತ್ತಿ, ಬಗ್ಗಿ, ಕೈಯಿಂದ ಸರಿಪಡಿಸುತ್ತಿದ್ದ. ಆ ಕೆಲಸಕ್ಕೆ ಬೇರೆಯವರನ್ನು ಬಗ್ಗಿಸಲು ಅವನ ಮನಸ್ಸು ಒಪ್ಪುತ್ತಿರಲಿಲ್ಲವಂತೆ. ಗೋಪಿ ಕಲ್ಲನ್ನು ಮೊಳದ ಎತ್ತರದಲ್ಲಿ ನಿಲ್ಲಿಸುವುದು, ಬ್ರೇಕು ಜಗ್ಗುವುದು, ಮುದುಕ ಬಗ್ಗುವುದು, ಮೂರೂ ಒಂದೇ ಗಳಿಗೆಗೆ ಬರುತ್ತಿದ್ದವು. ಕೋದಂಡರಾಮಪ್ಪ ಕಿಟಕಿಯಲ್ಲಿ ಕೂತು ಹದಿನಾಲ್ಕು ಸಲ ನೋಡಿದ್ದ. ಹದಿನಾಲ್ಕು ಸಲವೂ ಅಷ್ಟೇ.

ಆ ಗಳಿಗೆಯಲ್ಲಿ ತಾನು ಎಲ್ಲಿರಬೇಕೆಂಬುದನ್ನೂ ಅವನು ಸಾವಧಾನವಾಗಿ ಯೋಚಿಸಿದ. ಅವನ ಊರು ಶ್ರೀನಿವಾಸಪುರದ ಯಲ್ದೂರು. ಹೆಂಡತಿ ವೆಂಕಟಲಕ್ಷ್ಮಿ ಅಲ್ಲಿ ಮೂರು ಎಕರೆ ಮಾವಿನ ತೋಪು ನೋಡಿಕೊಂಡಿದ್ದಳು. ಬೋರಿನ ಮೋಟರು ಮಾರ್ಚ್ ಮೊದಲ ದಿನವೇ ಸುಟ್ಟುಹೋಗಿತ್ತು. ಪೀಚು ಕಟ್ಟಿ ನಿಂತಿದ್ದ ಕಾಲ, ನೀರಿಲ್ಲದೆ ಗೋಲಿ ಗಾತ್ರದ ಕಾಯಿ ದಿನಾ ಉದುರುತ್ತಿತ್ತು. ಅವಳು ದಿನಾ ಫೋನು ಮಾಡಿ ಬೇಡಿದಳು, ಆಮೇಲೆ ಬೈದಳು.

“ಹತ್ತು ದಿನ ಆಯ್ತು ಕಣ್ರೀ. ಕಾಯೆಲ್ಲಾ ನೆಲಕ್ಕೆ ಬೀಳ್ತಾವೆ. ಮೋಟ್ರು ಎತ್ತಿಸಾಕೆ ಏನು ಮುಹೂರ್ತ ನೋಡ್ತಿದೀರ?”

“ಶನಿವಾರ ಅಂದ್ನಲ್ಲ. ಮುಚ್ಚೇ ಬಾಯಿ.”

ಶನಿವಾರವೇ ಆಗಬೇಕಿತ್ತು. ಮೋಟರು ಎತ್ತುವುದೆಂದರೆ ನಾಲ್ಕು ಜನ ಕೂಲಿಗಳು, ಕ್ರೇನಿನ ಗಾಡಿ, ಸುತ್ತ ನೋಡಲು ಬರುವ ಅರ್ಧ ಊರು. ಅರವತ್ತು ಕಿಲೋಮೀಟರಿನಾಚೆ ಗಫೂರ್ ಸಾಯುವ ಹೊತ್ತಿಗೆ ಕೋದಂಡರಾಮಪ್ಪ ಅಷ್ಟು ಜನರ ಕಣ್ಣೆದುರಿಗಿರುತ್ತಾನೆ. ಇದಕ್ಕಿಂತ ಭದ್ರವಾದ ಸಾಕ್ಷಿ ಯಾವ ವಕೀಲನೂ ಹುಟ್ಟಿಸಲಾರ. ಉದುರಿದ ಕಾಯಿಗಳ ಲೆಕ್ಕವನ್ನು ವೆಂಕಟಲಕ್ಷ್ಮಿ ಬೇಕಾದರೆ ಇಟ್ಟುಕೊಳ್ಳಲಿ.

ಈ ಸಂಗತಿ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕಲ್ಲ. ಗುರುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವನು ಕ್ಯಾಂಟೀನಿನ ನಡುವೆ ಕೂತು, ಎಲ್ಲರಿಗೂ ಕೇಳುವಂತೆ ಗೋಳಾಡಿದ. ಹೀಗೆ ಗೋಳಾಡುವುದರಲ್ಲೂ ಒಂದು ಕಲೆಯಿದೆ ಎಂದು ಅವನಿಗೆ ಅನ್ನಿಸಿತು.

“ಶನಿವಾರ ರಜ ಹಾಕಿದೀನಪ್ಪಾ. ಮೋಟ್ರು ಎತ್ತಿಸ್ಬೇಕು. ಆ ಸೀನಪ್ಪನ ಕಡೆಯೋರು ಬರ್ತಾರೆ, ಅವ್ರ ಹಗ್ಗ ನೋಡ್ಬೇಕು ನೀವು, ಇಲಿ ಕಡಿದು ಬಿಟ್ಟಂಗಿದೆ. ಕಿತ್ಕೊಂಡು ಬಿದ್ರೆ ಮೋಟ್ರೂ ಹೋಯ್ತು, ಬೋರೂ ಹೋಯ್ತು. ಬೆಳಿಗ್ಗೆಯಿಂದ ಸಾಯಂಕಾಲದ ತನ್ಕ ನಾನು ಅಲ್ಲೇ ಪಕ್ಕದಲ್ಲೇ ನಿಂತಿರ್ಬೇಕು, ಬೇರೆ ದಾರಿನೇ ಇಲ್ಲ.”

ಎಲ್ಲರೂ ಲೊಚಗುಟ್ಟಿದರು. ಮೂಲೆಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ಗಫೂರ್ ತಲೆ ಎತ್ತಿದ.

“ಎಷ್ಟಡಿಗೆ ಇಳ್ಸಿದೀರ ಅಣ್ಣ ಮೋಟರು?”

“ಸಾವಿರದ ನೂರಡಿ. ಕಬ್ಣದ ಪೈಪು. ನೀರೂ ಸೇರಿ ಎರಡೂವರೆ ಟನ್ ತೂಗ್ತದೆ, ಏನ್ ತಿಳ್ಕೊಂಡಿದೀಯ.”

“ಕ್ಲಾಂಪು ಅಂಚು ಚೂಪಿರ್ತದಲ್ಲ,” ಎಂದು ಗಫೂರ್ ತನಗೆ ತಾನೇ ಹೇಳಿಕೊಂಡು ಮತ್ತೆ ಡಬ್ಬಿಗೆ ಬಗ್ಗಿದ. ಎರಡು ದಿನದಲ್ಲಿ ಸಾಯುವವನಿಗೆ ಊರಿನವರ ಬೋರಿನ ಚಿಂತೆ. ಕೋದಂಡರಾಮಪ್ಪನಿಗೆ ಅನ್ನ ನೆತ್ತಿಗೇರುವಷ್ಟು ನಗು ಬಂತು. ಕೆಮ್ಮಿ ನೀರು ಕುಡಿದ.

ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಗಫೂರ್ ಬಿಳಿ ಟೋಪಿ ಹಾಕಿಕೊಂಡು ಗೇಟು ದಾಟಿದ. ಒಂದೂಕಾಲಿಗೆ ಉಳಿದವರು ಊಟಕ್ಕೆ ಹೋದರು. ಕೋದಂಡರಾಮಪ್ಪ ಪಾಲಿಶ್ ಯಂತ್ರವನ್ನು ಓಡಲು ಬಿಟ್ಟು, ಅದರ ಸದ್ದಿನ ಮರೆಯಲ್ಲಿ ಶೆಡ್ಡಿನ ಹಿಂಬಾಗಿಲಿನಿಂದ ಜಾಲರಿ ಕೋಣೆಗೆ ಹೋದ. ಕ್ಯಾಮೆರಾ ಗೇಟಿನ ಕಡೆ ಮುಖ ಮಾಡಿತ್ತು. ಅದನ್ನು ಅಲ್ಲಿಗೆ ಹಾಕಿಸಿದವನೂ ಅವನೇ. ಕೀಲಿಕೈ ಹನ್ನೊಂದು ವರ್ಷದ ನಂತರವೂ ಸಲೀಸಾಗಿ ತಿರುಗಿತು.

ಅವನು ನಾಲ್ಕನೆಯ ನಂಬರಿನ ಬೆಲ್ಟನ್ನು ಆರಿಸಿಕೊಂಡ. ಗಂಟು ಬಿಚ್ಚುವ ಮೊದಲು ಮೊಬೈಲಿನಲ್ಲಿ ಅದರ ಫೋಟೋ ತೆಗೆದ. ದಾರ ಬಿಚ್ಚಿ, ಒರೆ ಸರಿಸಿ, ಟೈಲ್ಸ್ ಕೆಲಸದವರ ಬ್ಲೇಡಿನಿಂದ ನಿಧಾನವಾಗಿ ಕೊಯ್ದ. ಬೆಲ್ಟು ನಾಲ್ಕು ಬೆರಳಗಲ. ಇಪ್ಪತ್ತೊಂದು ಟನ್ನನ್ನು ನಾಲ್ಕು ಬೆರಳಿಗೆ ಹಂಚಿದರೆ ಅರ್ಧ ಬೆರಳಿಗೆ ಎರಡೂವರೆ ಟನ್ನಿಗಿಂತ ಕೂದಲೆಳೆಯಷ್ಟು ಹೆಚ್ಚು. ಅರ್ಧ ಬೆರಳನ್ನೇ ಉಳಿಸಿದ. ಸುಮ್ಮನೆ ತೂಗುತ್ತಿರುವಾಗ ಅದು ಹಿಡಿದುಕೊಂಡಿರುತ್ತದೆ. ಒಂದು ಜಗ್ಗು ಬಿದ್ದರೆ ಹೋಯಿತು. ಕೊಯ್ದ ಅಂಚನ್ನು ಒರಟು ಕಲ್ಲಿನಿಂದ ತಿಕ್ಕಿ, ಸವೆದು ಹರಿದಂತೆ ಜುಬುರು ಜುಬುರು ಮಾಡಿದ. ದಪ್ಪ ಚರ್ಮ ಬಿಗಿಯಾಗಿ ಕೂತಿದ್ದರಿಂದ ಮೇಲಿನಿಂದ ಬೆಲ್ಟು ಮೊದಲಿನಷ್ಟೇ ಗಟ್ಟಿಯಾಗಿ ಕಾಣಿಸಿತು, ಕೈಗೂ ಹಾಗೇ ಸಿಕ್ಕಿತು. ಫೋಟೋ ನೋಡಿಕೊಂಡು ದಾರ ಏರಿಸಿದ. ಗಂಟಿನ ಕುಣಿಕೆ ಎಡಕ್ಕೆ. ಅವನ ಬೆರಳು ದಪ್ಪ, ಕುಣಿಕೆ ಗಫೂರನದಕ್ಕಿಂತ ಒಂದು ಚೂರು ದೊಡ್ಡದಾಯಿತು. ಇಷ್ಟು ವ್ಯತ್ಯಾಸ ಕಂಡುಹಿಡಿಯಬೇಕಾದರೆ ಹಾಕಿದವನೇ ನೋಡಬೇಕು ಎಂದುಕೊಂಡು ಫೋಟೋ ಅಳಿಸಿದ. ಒಟ್ಟು ಹದಿನೆಂಟು ನಿಮಿಷ. ಆಮೇಲೆ ಕ್ಯಾಂಟೀನಿಗೆ ಹೋಗಿ ಮೊಸರನ್ನ ಉಂಡ.

ಸಾಯಂಕಾಲ ಊರಿಗೆ ಹೊರಡುವಾಗ ಗೋಪಿಯನ್ನು ಕರೆದು ಹೇಳಿದ: “ನಾಳೆ ಕಂಬ ಲಾರಿ ಮೇಲೆ ಇಳ್ಸಿದ ತಕ್ಷಣ ಫೋನ್ ಮಾಡ್ಲಾ. ಪಾಲಿಶ್‌ಗೆ ಗೀರು ಬಿತ್ತಾ ಇಲ್ವಾ ತಿಳ್ಸು.” ಬರುವ ಫೋನು ಗೀರಿನ ಬಗ್ಗೆ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸುದ್ದಿ ಕೇಳಿದಾಗ ಮೊದಲು ಏನನ್ನಬೇಕೆಂದು ಬಸ್ಸಿನಲ್ಲಿ ಅಭ್ಯಾಸ ಮಾಡಿದ. ‘ಅಯ್ಯೋ’ ಎಂದರೆ ಹೆಚ್ಚಾಯಿತು. ‘ಏನಂದೆ?’ ಎಂದು ಎರಡು ಸಲ ಕೇಳುವುದೇ ಸರಿ. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಶ್ರೀನಿವಾಸಪುರದ ಬಸ್ಸು ಹತ್ತುವ ಹೊತ್ತಿಗೆ ಅದು ಬಾಯಿಗೆ ಸರಿಯಾಗಿ ಕೂತಿತ್ತು. ಮಂಗಳವಾರದೊಳಗೆ ಯಜಮಾನರು ಕರೆಸುತ್ತಾರೆ. ಕೋದಂಡ, ಯಾರ್ಡು ನೋಡ್ಕೊಳ್ಳೋರು ಯಾರೂ ಇಲ್ಲ ಎನ್ನುತ್ತಾರೆ. ತಾನು ಒಂದೆರಡು ದಿನ ಬೇಡ ಎನ್ನಬೇಕು.

ಶನಿವಾರ ಬೆಳಿಗ್ಗೆ ಅವನು ಬಚ್ಚಲಿನಿಂದ ಬರುವುದನ್ನೇ ಕಾಯುತ್ತಿದ್ದ ವೆಂಕಟಲಕ್ಷ್ಮಿ, “ರೀ, ನೀವು ನೀರು ಹುಯ್ಕೊಳ್ತಿದ್ದಾಗ...” ಎಂದು ಬಾಯಿ ತೆರೆದಳು. ಅವನು ಕೈ ಅಡ್ಡ ಹಿಡಿದ.

“ಆಮೇಲೆ ಹೇಳೇ ಏನಿದ್ರೂ. ಫ್ಯಾಕ್ಟ್ರಿಯಿಂದ ಫೋನ್ ಬರೋದಿದೆ, ತಲೆ ತಿನ್ಬೇಡ.”

ಅವಳು ಮುಖ ಊದಿಸಿಕೊಂಡು ತೋಪಿನ ಕಡೆ ಹೋದಳು. ಅಲ್ಲಿ ಸೀನಪ್ಪನ ಗಾಡಿ ಆಗಲೇ ಬೋರಿನ ಪಕ್ಕ ನಿಂತಿತ್ತು. ಸೀನಪ್ಪ ಗಡಿಯಾಚೆಯ ತೆಲುಗು ಬೆರೆಸಿ ಮಾತಾಡುವ, ಯಾವುದಕ್ಕೂ ಅವಸರಪಡದ ಮನುಷ್ಯ. ಅವನ ಜನ ಗಾಡಿಯ ಕಾಲು ಊರಿ, ಕರ್ಪೂರ ಹಚ್ಚಿ, ಪೈಪನ್ನು ಕಚ್ಚಿ ಹಿಡಿಯುವ ಕಬ್ಬಿಣದ ಕ್ಲಾಂಪು ಬಿಗಿದು ಕೊಕ್ಕೆ ಇಳಿಸುವ ಹೊತ್ತಿಗೆ ಹತ್ತು ಗಂಟೆ ಮೀರಿತ್ತು. ಕೋದಂಡರಾಮಪ್ಪ ಆ ಕಡೆ ತಿರುಗಿ ನೋಡಲಿಲ್ಲ. ನೋಡಲು ಬಂದ ಊರಿನವರ ಜೊತೆ ಮಾತಾಡಿ, ಒಬ್ಬೊಬ್ಬರಿಗೂ ಟೈಮೆಷ್ಟು ಎಂದು ಕೇಳಿದ. ಆಮೇಲೆ ಪಂಪು ಮನೆಯ ನೆರಳಿನಲ್ಲಿ ಮೊಬೈಲು ಹಿಡಿದು ಕೂತ. ಉದುರಿದ ಕಾಯಿ ಚಪ್ಪಲಿಯ ಕೆಳಗೆ ಪಟಪಟ ಒಡೆಯುತ್ತಿದ್ದವು.

ಹತ್ತೂ ಇಪ್ಪತ್ತೈದಕ್ಕೆ ಗೋಪಿಯ ಫೋನು ಬಂತು.

“ಸಾರ್, ಕಂಬ ಕೂರಿಸಾಯ್ತು. ಒಂದು ಗೀರಿಲ್ಲ.”

“ಏನಂದೆ?” ಎಂದ ಕೋದಂಡರಾಮಪ್ಪ. ಎರಡು ಸಲ ಕೇಳಿದ. ಅಭ್ಯಾಸವಾಗಿತ್ತು.

“ಗೀರಿಲ್ಲ ಅಂದೆ ಸಾರ್. ಹೂವಿನಂಗೆ ಕೂತ್ಕೊಂತು.”

“ಗಫೂರ್?”

“ಟೀ ಕುಡೀತಾವ್ರೆ ಸಾರ್. ಕೊಡ್ಲಾ ಫೋನು?”

ಅವನು ಫೋನು ಇಟ್ಟ. ಯಾವ ಬೆಲ್ಟು ಕಟ್ಟಿದಿರಿ ಎಂದು ಕೇಳುವಂತಿಲ್ಲ, ಬಗ್ಗಿದ್ದನಾ ಎಂದು ಕೇಳುವಂತಿಲ್ಲ. ಐದು ನಿಮಿಷ ಕಣ್ಣು ಮುಚ್ಚಿ ಕೂತು ತನ್ನನ್ನು ತಾನೇ ಹದಕ್ಕೆ ತಂದುಕೊಂಡ. ಅರ್ಧ ಬೆರಳು ಹೆಚ್ಚಾಯಿತು, ಅಷ್ಟೇ. ಆ ಹಾಳು ಬ್ರೇಕು ಇವತ್ತೇ ಮೆತ್ತಗೆ ಹಿಡಿದಿರಬೇಕು. ಬೆಲ್ಟು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಶುಕ್ರವಾರದವರೆಗೆ ಒರೆ ಬಿಚ್ಚುವವರಿಲ್ಲ, ಸೋಮವಾರ ಇನ್ನೊಂದು ಕಂಬ ಇದೆ. ಮುದುಕನಿಗೆ ಎರಡು ದಿನದ ಟೀ ಹೆಚ್ಚಿಗೆ ಸಿಕ್ಕಿತು, ಕುಡಿಯಲಿ. ಹೀಗೆ ಅಂದುಕೊಂಡರೂ ಸಿಟ್ಟು ಇಳಿಯಲಿಲ್ಲ. ಇಳಿಸಲು ಯಾರಾದರೂ ಬೇಕಿತ್ತು. ಎದುರಿಗೆ ಸೀನಪ್ಪನ ಜನ ಇದ್ದರು.

ಅವರು ಪೈಪನ್ನು ಮೂರಡಿ ಮೇಲೆತ್ತಿ ನಿಂತಿದ್ದರು. ಸಾವಿರದ ನೂರಡಿ ಪೈಪು ಕೊಕ್ಕೆಯಲ್ಲಿ ತೂಗುತ್ತಿತ್ತು. ಇನ್ನು ಅದರ ಕೆಳಗೆ, ಬೋರಿನ ಬಾಯಿಯ ಹತ್ತಿರ, ಎರಡನೆಯ ಕ್ಲಾಂಪನ್ನು ಸಿಕ್ಕಿಸಿ ಬಿಗಿಯಬೇಕು. ಬಿಗಿಯಬೇಕಾದ ಆಳು ಕ್ಲಾಂಪು ಹಿಡಿದುಕೊಂಡು ದೂರದಲ್ಲೇ ನಿಂತು, ತಲೆ ಎತ್ತಿ ಮೇಲೆ ನೋಡುತ್ತಿ‌ದ್ದ.

“ಏನ್ಲಾ, ಮೇಲೇನು ಹೆಣ್ಣು ಕೂತವ್ಳಾ?” ಎಂದು ಕೋದಂಡರಾಮಪ್ಪ ಕಿರುಚಿದ.

“ಇನ್ನೊಂದು ಮೊಳ ಬರ್ಬೇಕಣ್ಣಾ, ಎಲ್ಲೋ ತಗಲಾಕ್ಕೊಂಡೈತೆ. ಅದು ಬರೋವರ್ಗೂ ಕೆಳಗೆ ಹೋಗ್ಬಾರ್ದು,” ಎಂದ ಆಳು.

ಇಲ್ಲೂ ಅದೇ ಪಾಠ. ಮಾಲೂರಿನಲ್ಲಿ ಒಬ್ಬ ಮುದುಕ, ಇಲ್ಲಿ ಈ ಅಂಜುಬುರುಕ. ಜಗತ್ತೆಲ್ಲ ತಲೆ ಎತ್ತಿ ನೋಡುವವರಿಂದ ತುಂಬಿಹೋಗಿದೆ ಎಂದು ಅವನಿಗೆ ಅಸಹ್ಯವಾಯಿತು. ಆಳಿನ ಕೈಯಿಂದ ಕ್ಲಾಂಪು ಕಿತ್ತುಕೊಂಡು, ಅವನನ್ನು ಭುಜದಿಂದ ಆಚೆ ತಳ್ಳಿ, ಬೋರಿನ ಬಾಯಿಯ ಮೇಲೆ ಮಂಡಿಯೂರಿ ಕೂತು, ಪೈಪಿಗೆ ಎರಡೂ ಕೈ ಹಾಕಿದ. ಮೇಲಿನ ಕ್ಲಾಂಪಿನ ಕಬ್ಬಿಣ ಅವನ ನೆತ್ತಿಯಿಂದ ಒಂದು ಗೇಣು ಮೇಲಿತ್ತು.

“ಅಣ್ಣಾ, ಈಚೆ ಬಾ ಅಣ್ಣಾ, ಒಂದು ಜಗ್ಗು ಕೊಡ್ಬೇಕು,” ಎಂದು ಗಾಡಿಯ ಮೇಲಿನಿಂದ ಸೀನಪ್ಪ ಕೂಗಿದ.

“ಕೊಡೋ ನೀನು. ನಾನು ಇಂಥಾ ಕೆಲ್ಸ ಹತ್ತೊಂಬತ್ತು ವರ್ಷ ಮಾಡಿದೀನಿ.”

“ಸರಿ ಬಿಡು, ಇವತ್ತು ಭಯ ಇಲ್ಲ. ನಮ್ಮ ಹಗ್ಗ ಆಗಿದ್ರೆ ನಾನೇ ಬಿಡ್ತಿರ್ಲಿಲ್ಲ,” ಎಂದ ಸೀನಪ್ಪ ಲಿವರಿಗೆ ಕೈ ಹಾಕುತ್ತ. “ನಿಮ್ಮ ಫ್ಯಾಕ್ಟ್ರಿ ಗಫೂರ್ ಸಾಬ್ರು ಇವತ್ತು ಬೆಳಿಗ್ಗೇನೇ ಲಾರಿ ಓಡ್ಸೋ ಅಕ್ರಂ ಕೈಲಿ ಬೆಲ್ಟು ಕಳ್ಸವ್ರೆ. ಮನೇಲಿ ಅಕ್ಕ ಇಸ್ಕೊಂಡು ನಂಗೆ ತಂದ್ಕೊಟ್ರು, ನಿಂಗೆ ಹೇಳ್ಲಿಲ್ವಾ? ನಿಮ್ಮ ಸೇಫ್ಟಿ ಮೇಡಮ್ಮಿಗೂ ಹೇಳಿಯೇ ಕಳ್ಸಿದಾರಂತೆ. ಕ್ಲಾಂಪಿನ ಅಂಚು ಚೂಪು, ಒರೆ ಇರೋದೇ ಬೇಕು, ಕೋದಂಡಣ್ಣ ದಿನ ಪೂರ್ತಿ ಅದ್ರ ಪಕ್ಕದಲ್ಲೇ ನಿಂತಿರ್ತಾರೆ ಅಂದ್ರಂತೆ. ನಿನ್ನೆ ನಮಾಜಿಗೆ ಹೋಗೋ ಮುಂಚೆ ಬಿಚ್ಚಿ ನೋಡಿದೀನಿ, ನಮ್ಮ ಕಂಬಕ್ಕೆ ಬೇರೆ ಬೆಲ್ಟು ಕಟ್ಕೋತೀನಿ, ಧೈರ್ಯವಾಗಿ ಎತ್ತಿ ಅಂತ ಹೇಳಿ ಕಳ್ಸವ್ರೆ.” ಕೋದಂಡರಾಮಪ್ಪ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಮೇಲೆ ನೋಡಿದ. ಎರಡೂವರೆ ಟನ್ನನ್ನು ಹಿಡಿದುಕೊಂಡು, ಕೊಕ್ಕೆಗೂ ಕ್ಲಾಂಪಿಗೂ ನಡುವೆ ಬೆಲ್ಟು ತಂತಿಯಂತೆ ಬಿಗಿದು ನಿಂತಿತ್ತು. ಅದರ ಮೇಲೆ ಚರ್ಮದ ಒರೆ, ಒರೆಯ ತುದಿಯಲ್ಲಿ ಗಂಟು, ಗಂಟಿನ ಕುಣಿಕೆ ಎಡಕ್ಕೆ, ಇರಬೇಕಾದದ್ದಕ್ಕಿಂತ ಒಂದು ಚೂರು ದೊಡ್ಡದು. ಸೀನಪ್ಪ ಲಿವರು ಜಗ್ಗಿದ.